ಸ್ಪೀಕರಿಗೊಂದು ಬುನಾದಿ

ಮನೆಗೆ ಬರುವ ಮನುಷ್ಯ ಚಪ್ಪಲಿಯನ್ನು ಬಾಗಿಲಲ್ಲಿ ಬಿಡುವ ಹಾಗೆ ಕೆಲಸದ ಬುದ್ಧಿಯನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ಹಾಗೆ ಬಿಡಲಾರದವರನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಹೆಂಡತಿ ಬರೆದುಕೊಟ್ಟ ದಿನಸಿ ಚೀಟಿಯಲ್ಲಿ ತಪ್ಪಿದ್ದ ಕಡೆ ಕೆಂಪು ಗೆರೆ ಎಳೆದೇ ಅಂಗಡಿಗೆ ಹೋಗುತ್ತಾರೆ. ನಮ್ಮ ಕಾರ್ಖಾನೆಯ ಸ್ಟೋರ್ ಕೀಪರು ಮನೆಯಲ್ಲಿ ಹೊಸ ಸೋಪು ಬೇಕೆಂದರೆ ಹಳೆಯದರ ಚೂರು ತಂದು ತೋರಿಸಿ ಎನ್ನುತ್ತಾರಂತೆ. ಇವರನ್ನೆಲ್ಲ ಕಂಡು ಹೊಟ್ಟೆ ತುಂಬ ನಕ್ಕವನು ನಾನು. ಈಗ ನಗುವ ಹಕ್ಕು ನನಗಿಲ್ಲ. ಏಕೆಂದರೆ ನಾಗಸಂದ್ರದ ನಮ್ಮ ಮನೆಯಲ್ಲಿ, ಹೊಸದಾಗಿ ಒಡೆದು ಕಟ್ಟಿಸಿದ ಕೋಣೆಯಲ್ಲಿ, ಫಳಫಳ ಹೊಳೆಯುವ ನೆಲದ ಮೇಲೆ ಗೇಣೆತ್ತರದ ಎರಡು ಕಾಂಕ್ರೀಟ್ ದಿಮ್ಮಿಗಳು ನಾಲ್ಕು ನಾಲ್ಕು ಬೋಲ್ಟುಗಳನ್ನು ಮೇಲಕ್ಕೆ ಚಾಚಿಕೊಂಡು ಕೂತಿವೆ. ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಸಾಕಾಗಿದೆ. ನಿಜವನ್ನು ಒಮ್ಮೆ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ನಾವು ದೊಡ್ಡ ಪಂಪು, ಕಂಪ್ರೆಸರುಗಳನ್ನು ಮಾಡುತ್ತೇವೆ. ಅವನ್ನು ಕೊಂಡವರ ಜಾಗಕ್ಕೇ ಹೋಗಿ ಅಲುಗದಂತೆ ಕೂರಿಸಿ ಬರುವುದು ನನ್ನ ಕೆಲಸ. ಯಂತ್ರ ಎಂದಮೇಲೆ ಅಲುಗುತ್ತದೆ. ಅಲುಗಿದರೆ ಬೋಲ್ಟು ಸಡಿಲವಾಗುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ, ಕೊನೆಗೆ ಕಂಪನಿಯ ಮಾನ ಹೋಗುತ್ತದೆ. ಅದಕ್ಕೇ ಯಂತ್ರಕ್ಕಿಂತ ಮುಂಚೆ ಅದರ ನಕ್ಷೆ ಹೋಗಬೇಕು. ನಕ್ಷೆಯಲ್ಲಿದ್ದಂತೆ ನೆಲ ಅಗೆದು, ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿದು, ಬೋಲ್ಟು ನೆಟ್ಟು, ನೀರುಣಿಸಿ ಬುನಾದಿ ಸಿದ್ಧ ಮಾಡಿರಬೇಕು. ಮೊದಲು ಬುನಾದಿ, ಆಮೇಲೆ ಯಂತ್ರ. ಎಲ್ಲ ಮುಗಿದ ಮೇಲೆ ಯಂತ್ರವನ್ನು ಓಡಿಸಿ ಅದರ ಬೆನ್ನ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತೇವೆ. ನಾಣ್ಯ ಬೀಳದಿದ್ದರೆ ಚಪ್ಪಾಳೆ, ಕಾಫಿ, ಕಾಗದಕ್ಕೆ ಸಹಿ. ಇಪ್ಪತ್ತು ವರ್ಷಗಳಲ್ಲಿ ನಾನು ನಿಲ್ಲಿಸಿದ ನಾಣ್ಯ ಬಿದ್ದದ್ದು ಎರಡೇ ಸಲ. ಒಂದು ಸಲ ಪಕ್ಕದಲ್ಲಿದ್ದವರು ಸೀನಿದರು. ಇನ್ನೊಂದರ ವಿಷಯ ಬೇಡ. ಇದನ್ನೆಲ್ಲ ಜಂಬದಿಂದಲೇ ಹೇಳುತ್ತಿದ್ದೇನೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮನೆಗೆ ತಂದವನು ನಾನು. ಜಂಬ ಪಡುವುದು ಹೇಗೆಂದು ತೋರಿಸಿಕೊಡುವವರೂ ಮನೆಯಲ್ಲಿರಲಿಲ್ಲ. ಅದನ್ನೂ ಸ್ವಂತ ಪರಿಶ್ರಮದಿಂದಲೇ ಕಲಿತೆ.

ನಮ್ಮಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ನೂರಾರು ಮಗ್ಗಗಳು ಒಂದೇ ಶೆಡ್ಡಿನಲ್ಲಿ ಬಡಿದುಕೊಳ್ಳುವ ಸದ್ದು ಕೇಳದವರಿಗೆ ಹೇಳಿ ತಿಳಿಸಲಾಗದು. ಬುತ್ತಿ ಕೊಡಲು ಹೋಗಿ ಬಾಗಿಲಲ್ಲಿ ನಿಂತರೆ ನನ್ನ ಹಲ್ಲುಗಳು ತಮ್ಮಷ್ಟಕ್ಕೆ ತಾವು ಕಟಕಟ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಅಪ್ಪ ಮೂವತ್ತು ವರ್ಷ ನಿಂತರು. ನಾನು ಬಿ.ಇ. ಮುಗಿಸುವ ಹೊತ್ತಿಗೆ ಅವರ ಕಿವಿಗಳೂ ಮುಗಿದಿದ್ದವು. ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ಅಲ್ಲಿನವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರು. ಅಪ್ಪ ಈಗಲೂ ಅದರಲ್ಲಿ ಪಂಡಿತರು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಬೇರೆ ಮನೆಗಳಲ್ಲಿ ಹಿರಿಯರ ಮೇಲೆ ಗೊಣಗುವುದಾದರೆ ದನಿ ತಗ್ಗಿಸುತ್ತಾರೆ. ನಮ್ಮಲ್ಲಿ ಎಷ್ಟು ಜೋರಾಗಿ ಬೇಕಾದರೂ ಗೊಣಗಬಹುದು, ಬೆನ್ನು ಮಾತ್ರ ಹಾಕಿರಬೇಕು. ನನ್ನ ಹೆಂಡತಿ ಅನ್ನಪೂರ್ಣ ಒಲೆಯ ಕಡೆ ತಿರುಗಿದಳೆಂದರೆ ಏನೋ ಬರುತ್ತದೆ ಎಂದು ನಾನು ಸಿದ್ಧನಾಗುತ್ತೇನೆ. ಕಿವಿಗೆ ಹಾಕುವ ಯಂತ್ರ ಕೊಡಿಸಲಿಲ್ಲವೇ ಎಂದು ನೀವು ಕೇಳಬಹುದು. ಕೊಡಿಸಿದೆವು. ಅಪ್ಪ ಎರಡು ದಿನ ಹಾಕಿಕೊಂಡು, "ಇದ್ರಾಗೆ ಕುಕ್ಕರ್ ಸೀಟಿ ಬಿಟ್ರೆ ಮತ್ತೇನೂ ಇಲ್ಲಲೇ," ಎಂದು ಡಬ್ಬಿಗೆ ಹಾಕಿ ಇಟ್ಟುಬಿಟ್ಟರು.

ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ ಇರುತ್ತಿತ್ತು. ಅಲ್ಲಿ ತಾಳ ಹಾಕುವುದು ಅಪ್ಪನ ಪಾಲು. ಕಿವಿ ಮಂದವಾಗುತ್ತ ಬಂದಂತೆ ತಾಳ ಹಿಂದೆ ಬೀಳತೊಡಗಿತು. ಯಾರೂ ಏನೂ ಅನ್ನಲಿಲ್ಲ, ಒಳ್ಳೆಯ ಜನ. ಒಂದು ಸೋಮವಾರ ಪಕ್ಕದ ಮನೆಯವರು ಮೆಲ್ಲಗೆ ಅಪ್ಪನ ಕೈಯಿಂದ ತಾಳ ತೆಗೆದುಕೊಂಡು, "ನೀ ಒಂದೀಟು ಸುಧಾರಿಸ್ಕೋ ಬಸಣ್ಣ," ಎಂದರು. ಅಪ್ಪ ಅಂದಿನಿಂದ ಸುಧಾರಿಸಿಕೊಳ್ಳುತ್ತಲೇ ಇದ್ದಾರೆ. ಭಜನೆಗೆ ಮತ್ತೆ ಹೋಗಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಎರಡನೇ ವರ್ಷದ ಬಿ.ಇ.

ಮನೆಯ ಗೋಡೆ ಒಡೆದದ್ದು ಅನ್ನಪೂರ್ಣಳ ಆಸೆಯಿಂದ. ಹಾಲಿಗೂ ಹಳೆಯ ಸಾಮಾನಿನ ಕೋಣೆಗೂ ನಡುವಿನ ಗೋಡೆ ತೆಗೆದರೆ ಇಡೀ ಮನೆಯವರು ಒಟ್ಟಿಗೆ ಕೂರುವಷ್ಟು ಜಾಗವಾಗುತ್ತದೆ ಎಂದಳು. ಒಳಾಂಗಣ ವಿನ್ಯಾಸ ಮಾಡಲು ಬಂದ ಹುಡುಗಿ ಅದಕ್ಕೆ ಫ್ಯಾಮಿಲಿ ರೂಮ್ ಎಂದು ಹೆಸರಿಟ್ಟಳು. ಅಪ್ಪ ಮಾತ್ರ ಪಡಸಾಲೆ ಎಂದೇ ಕರೆದರು. ಗೋಡೆ ಬಿದ್ದ ದಿನ, ಆ ಧೂಳಿನ ನಡುವೆ, ನನ್ನ ಬಹುಕಾಲದ ಆಸೆಯೊಂದು ಎದ್ದು ಕೂತಿತು. ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದ ಒಬ್ಬನ ಮನೆಯಲ್ಲಿ ನೆಲದ ಮೇಲೆ ನಿಲ್ಲುವ, ಎದೆಯೆತ್ತರದ ಎರಡು ಸ್ಪೀಕರ್‌ಗಳಿದ್ದವು. ಅವನ ತಾಯಿ ನನಗೆ ಕಾಫಿ ಕೊಟ್ಟು, "ಮುಟ್ಬೇಡಪ್ಪ, ಫಾರಿನ್ದು," ಎಂದಿದ್ದರು. ಮುಟ್ಟಲಿಲ್ಲ. ಆದರೆ ಮುಟ್ಟದೆ ಉಳಿದ ವಸ್ತುವಿನ ನೆನಪು ಕೈಯಲ್ಲಿ ಬಹಳ ಕಾಲ ಇರುತ್ತದೆ.

"ಒಳ್ಳೇ ಸ್ಪೀಕರ್ ತರೋಣ. ಅಂಥದ್ರಲ್ಲಾದ್ರೆ ಅಪ್ಪನಿಗೂ ಒಂದು ಹಾಡು ಕೇಳಿಸ್ಬಹುದು," ಎಂದೆ.

ಅನ್ನಪೂರ್ಣ ಒಲೆಯ ಕಡೆ ತಿರುಗಿ, "ಮಾವನ ಹೆಸರು ಹೇಳ್ಕಂಡು ನಿಮ್ಮ ಆಸೆ ತೀರಿಸ್ಕಳಿ. ನಾನೇನ್ ಬ್ಯಾಡ ಅಂದ್ನಾ?" ಎಂದಳು.

ಮಾತು ನಿಜವಾಗಿದ್ದರಿಂದ ನನಗೆ ಕೋಪ ಬಂತು. ಆದರೆ ಅರ್ಧ ಮಾತ್ರ ನಿಜ. ಇನ್ನರ್ಧ ಏನೆಂದರೆ, ಆ ಕಿವಿಗಳನ್ನು ಸುಟ್ಟು ಓದಿದವನು ನಾನು; ಅಷ್ಟು ಓದಿದ ಮೇಲೂ ಅಪ್ಪನಿಗೆ ಒಂದೇ ಒಂದು ಹಾಡು ಕೇಳಿಸಲಾಗದಿದ್ದರೆ ಬಾಗಿಲಲ್ಲಿರುವ 'ರುದ್ರೇಶ್, ಬಿ.ಇ.' ಎಂಬ ಹಲಗೆಯನ್ನು ಯಾವ ಮುಖದಿಂದ ನೋಡಲಿ? ಆ ಹಲಗೆಯನ್ನು ಬರೆಸಿದ್ದು ಕೂಡ ಅಪ್ಪನೇ. ಪೇಂಟರು ಹೆಸರನ್ನು ದೊಡ್ಡದಾಗಿ, ಬಿ.ಇ.ಯನ್ನು ಸಣ್ಣದಾಗಿ ಬರೆದಿದ್ದ. ಅಪ್ಪ ಅದನ್ನು ವಾಪಸ್ಸು ಕೊಟ್ಟು ತಿರುಗಾಮುರುಗಾ ಬರೆಸಿಕೊಂಡು ಬಂದರು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಗೋಡೆ ಒಡೆದಿತ್ತು, ನೆಲ ಅಗೆದಿತ್ತು, ಯಾದಗಿರಿ ಕಡೆಯ ಯಂಕಪ್ಪ ಎಂಬ ಮೇಸ್ತ್ರಿ ಸಿಮೆಂಟು ಕಲಸುತ್ತಿದ್ದ. ಸ್ಪೀಕರು ಎಂದರೇನು? ಹಗಲಿರುಳು ನಡುಗುವ ಒಂದು ಯಂತ್ರ. ಹೊಸ ನೆಲ ಹಾಕಿದ ಮೇಲೆ ಬುನಾದಿ ಬೇಕೆಂದರೆ ಮತ್ತೆ ಅಗೆಯಬೇಕು. ಈಗಲೇ ಹಾಕಿಸಿಬಿಟ್ಟರೆ ಎಷ್ಟು ಜಾಣತನ! ಒಂದು ವಿದೇಶಿ ಪತ್ರಿಕೆಯಲ್ಲಿ ಒಂದು ಜೊತೆ ಸ್ಪೀಕರಿನ ಅಳತೆ ಸಮೇತ ಚಿತ್ರವಿತ್ತು. ಅದನ್ನೇ ಇಟ್ಟುಕೊಂಡು ರಾತ್ರಿಯ ಊಟಕ್ಕೆ ಮುಂಚೆ ಬುನಾದಿಯ ನಕ್ಷೆ ತೆಗೆದೆ. ಸುತ್ತ ಮರಳು ತುಂಬಿದ ಸಂದು, ನಡುವೆ ಕಬ್ಬಿಣ, ಮೂಲೆಗೊಂದು ಬೋಲ್ಟು. ಒಂದು ಸಣ್ಣ ಕಂಪನವೂ ನೆಲಕ್ಕೆ ದಾಟದಂತೆ ಎಲ್ಲವನ್ನೂ ಯೋಚಿಸಿದ್ದೆ. ಕಾರ್ಖಾನೆಯಲ್ಲಿ ಇಂಥ ನಕ್ಷೆಗೆ ನನ್ನ ಸಹಿಯ ಕೆಳಗೆ ಇನ್ನೂ ಇಬ್ಬರ ಸಹಿ ಬೇಕು. ಮನೆಯಲ್ಲಿ ನಾನೊಬ್ಬನೇ, ಎಷ್ಟು ಸುಖ!

ಯಂಕಪ್ಪ ಅಗೆದ ಗುಂಡಿಯೊಳಗಿಂದ ತಲೆ ಎತ್ತಿ, "ಸಾರ, ಇಲ್ಲಿ ಹಿಟ್ಟಿನ ಗಿರಣಿ ಹಾಕ್ತೀರೇನ್ರೀ?" ಎಂದು ಕೇಳಿದ.

"ಇಲ್ಲಪ್ಪ. ಹಾಡು ಕೇಳೋ ಡಬ್ಬಿ."

ಅವನು ಗುಂಡಿ ನೋಡಿದ, ಕಬ್ಬಿಣ ನೋಡಿದ, ನನ್ನ ಮುಖ ನೋಡಿದ. "ಭಾಳ ಜೋರ್ ಹಾಡ್ತೈತೇನ್ರೀ ಅದು?" ಎಂದ. ಅವನು ಹೊರಗೆ ಯಾರಿಗೆ ಏನು ಹೇಳಿದನೋ, ಮರುದಿನ ಹಿಂದಿನ ಬೀದಿಯ ಹೆಂಗಸೊಬ್ಬರು ಗೇಟಿಗೆ ಬಂದು, ರಾಗಿ ಬೀಸುವುದು ಯಾವಾಗಿನಿಂದ ಶುರು ಎಂದು ಅನ್ನಪೂರ್ಣಳನ್ನು ಕೇಳಿದರು.

ಬುನಾದಿಗೆ ಮೂರು ವಾರ ನೀರುಣಿಸಿ, ನೆಲ ಹಾಕಿ, ಬಣ್ಣ ಬಳಿದು ಮುಗಿಸಿದ ಮೇಲೆ ಸ್ಪೀಕರು ಕೊಳ್ಳಲು ಹೊರಟೆ. ಅಂಗಡಿ ಮಾರತ್ತಹಳ್ಳಿಯಲ್ಲಿತ್ತು. ನಾಗಸಂದ್ರದಿಂದ ಮಾರತ್ತಹಳ್ಳಿಗೆ ಹೋಗುವ ಹೊತ್ತಿಗೆ, ಆಗ ತುಮಕೂರು ರಸ್ತೆಯ ತುಂಬ ಮೆಟ್ರೋ ಕಂಬಗಳು ಬೇರೆ ಏಳುತ್ತಿದ್ದವು, ಮನುಷ್ಯನಿಗೆ ನಿಶ್ಶಬ್ದಕ್ಕಿಂತ ದೊಡ್ಡ ಸಂಗೀತ ಇಲ್ಲ ಎನಿಸಿಬಿಟ್ಟಿರುತ್ತದೆ. ಅಂಗಡಿಯೊಳಗೆ ಕಾಲಿಟ್ಟರೆ ಅದೇ ಇತ್ತು. ನಿಶ್ಶಬ್ದ ಎಂದರೆ ಎಂಥದ್ದು, ನನ್ನ ಕೈಗಡಿಯಾರದ ಸದ್ದು ನನಗೇ ಕೇಳಿಸಿತು. ಕಿರಣ್ ಎಂಬ ಹುಡುಗ ಬಂದು, ಆಸ್ಪತ್ರೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, "ಶೂ ಇಲ್ಲೇ ಬಿಡಿ ಸಾರ್, ಒಳಗೆ ವುಡನ್ ಫ್ಲೋರು," ಎಂದ. ನಾನೂ ಪಿಸುಗುಟ್ಟಿದೆ. ಒಳಗಿನ ಕೋಣೆಯಲ್ಲಿ ಒಂದು ಸೋಫಾ, ಎದುರಿಗೆ ಮೂರು ಜೊತೆ ಸ್ಪೀಕರು. ಮೊದಲನೆಯ ಜೊತೆ ಹಾಸ್ಟೆಲಿನ ಹುಡುಗರ ಹಾಗೆ ತೆಳ್ಳಗೆ ಉದ್ದಕ್ಕೆ. ಎರಡನೆಯವು ಗಿಡ್ಡ, ದಪ್ಪ, ಬಾಯಿ ತೆರೆದುಕೊಂಡಿದ್ದವು. ಮೂರನೆಯ ಜೊತೆ ನನ್ನ ಎದೆಯೆತ್ತರ, ಕನ್ನಡಿಯಂತೆ ಹೊಳೆಯುವ ಕಪ್ಪು ಮೈ. ನಾನು ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದೆ. ಎರಕದ ಕಬ್ಬಿಣದಲ್ಲಿ ಬಿರುಕು ಇದೆಯೋ ಎಂದು ನಾವು ಹಾಗೆಯೇ ನೋಡುವುದು. ಆಮೇಲೆ ಜೇಬಿನಿಂದ ಟೇಪು ತೆಗೆದು ಮಂಡಿಯೂರಿ ತಳ ಅಳೆಯತೊಡಗಿದೆ.

"ಸಾರ್, ಏನ್ ನೋಡ್ತಿದೀರಾ?"

"ಬೋಲ್ಟು ಎಲ್ಲಿ ಬರುತ್ತೆ ಅಂತ."

"ಯಾವ ಬೋಲ್ಟು ಸಾರ್?"

ನಾನು ವಿವರಿಸಿದೆ. ಕಿರಣ್ ಪಿಸುದನಿ ಮರೆತು, "ಕಾಂಕ್ರೀಟಾ?" ಎಂದು ಕೂಗಿಬಿಟ್ಟ. ಆ ಅಂಗಡಿ ಶುರುವಾದಾಗಿನಿಂದ ಅಲ್ಲಿ ಎದ್ದ ಅತ್ಯಂತ ದೊಡ್ಡ ಸದ್ದು ಅದೇ ಇರಬೇಕು. ಪತ್ರಿಕೆಯಲ್ಲಿದ್ದ ಸ್ಪೀಕರು ಅವರಲ್ಲಿ ಇರಲಿಲ್ಲ; ಇದ್ದ ಮೂರರಲ್ಲಿ ಒಂದರ ಪಾದವೂ ನನ್ನ ಬೋಲ್ಟುಗಳಿಗೆ ಹೊಂದಲಿಲ್ಲ. "ಸಾರ್, ಮೊದ್ಲು ಕೇಳಿ. ಆಮೇಲೆ ಅಳೀರಿ," ಎಂದು ಅವನು ನನ್ನನ್ನು ಸೋಫಾದಲ್ಲಿ ಕೂರಿಸಿದ.

ನಾನು ಮನೆಯಿಂದ ಒಂದು ಸಿ.ಡಿ. ತಂದಿದ್ದೆ, ವಚನಗಳನ್ನು ಹಾಡಿದ್ದು. ಹತ್ತು ಹನ್ನೆರಡು ವರ್ಷಗಳಿಂದ ಅಡುಗೆಮನೆಯ ಚಿಕ್ಕ ಪೆಟ್ಟಿಗೆಯಲ್ಲಿ ಕೇಳುತ್ತ ಬಂದದ್ದು, ಪ್ರತಿ ಅಕ್ಷರ ಗೊತ್ತು ಎಂದುಕೊಂಡಿದ್ದೆ. ಕಿರಣ್ ಮೂರನೆಯ ಜೊತೆಗೆ ಅದನ್ನು ಹಾಕಿದ. ನನ್ನ ಹಿಂದೆ ಬಾಗಿಲು ತೆರೆದು ಯಾರೋ ಒಳಗೆ ಬಂದು ಉಸಿರೆಳೆದುಕೊಂಡರು ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹಾಡುವ ಮುಂಚೆ ಆ ಗಾಯಕರು ಉಸಿರು ತುಂಬಿಕೊಂಡ ಸದ್ದು ಅದು. ಆಮೇಲೆ ಹಾಡು ಬಂತು. ಸ್ಪೀಕರಿನಿಂದ ಬರಲಿಲ್ಲ, ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಕಡೆಯಿಂದ, ಒಬ್ಬ ಮನುಷ್ಯ ಕಾಲು ಮಡಚಿ ಕೂತಷ್ಟು ಎತ್ತರದಿಂದ ಬಂತು. ಬಲಗಡೆ ತಬಲದವರ ಬೆರಳಿನ ಉಂಗುರ ಮರಕ್ಕೆ ತಾಗಿತು. ಹಿಂದೆ ಎಲ್ಲೋ ಒಂದು ತಂಬೂರಿ. ಆ ಹಾಡಿನಲ್ಲಿ ತಂಬೂರಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಪಾಪ, ಅಷ್ಟು ವರ್ಷವೂ ಆತ ನಮ್ಮ ಅಡುಗೆಮನೆಯಲ್ಲಿ ಮೀಟುತ್ತಲೇ ಇದ್ದ, ನಾವು ಒಂದು ದಿನ ಅವನ ಕಡೆ ನೋಡಿರಲಿಲ್ಲ. ನಾನು ಎದ್ದು ಹೋಗಿ ನಡುವಿನ ಖಾಲಿ ಜಾಗದಲ್ಲಿ ಕೈಯಾಡಿಸಿದೆ. ನಲವತ್ತೈದು ವರ್ಷದ ಬಿ.ಇ. ಪದವೀಧರ, ಕಾಲುಚೀಲದಲ್ಲಿ ನಿಂತು ಗಾಳಿಯನ್ನು ತಡವುತ್ತಿದ್ದೆ.

"ಎಲ್ರೂ ಹಂಗೇ ಕೈ ಹಾಕಿ ನೋಡ್ತಾರೆ ಸಾರ್," ಎಂದ ಕಿರಣ್, ಮತ್ತೆ ಪಿಸುದನಿಯಲ್ಲಿ.

ಮುಂದಿನ ಭಾನುವಾರ ಅಪ್ಪನನ್ನೂ ಅನ್ನಪೂರ್ಣಳನ್ನೂ ಕರೆದುಕೊಂಡು ಹೋದೆ. ಅನ್ನಪೂರ್ಣ ಮೊದಲು ತೆಳ್ಳಗಿನ ಜೊತೆಯನ್ನು ಮೆಚ್ಚಿದಳು, ಕಸ ಗುಡಿಸಲು ಸುಲಭ ಎಂದು. ಆಮೇಲೆ ಕಪ್ಪು ಸ್ಪೀಕರಿನ ಪಕ್ಕದ ಮೈಯಲ್ಲಿ ತನ್ನ ಮುಖ ಕಂಡು, ಅಲ್ಲೇ ನಿಂತು ಕುಂಕುಮ ಸರಿ ಮಾಡಿಕೊಂಡಳು. ಅಪ್ಪ ಚಪ್ಪಲಿ ಬಿಟ್ಟು ಬಂದು, ಸೋಫಾ ಮೆತ್ತಗಾಯಿತೆಂದು ಒಂದು ಮರದ ಕುರ್ಚಿ ಕೇಳಿ ಪಡೆದು ಕೂತರು. ಕಿರಣ್ ಮೊದಲ ಜೊತೆ ಹಾಕಿದ. ಅಪ್ಪ ಏ.ಸಿ.ಯನ್ನು ನೋಡುತ್ತಿದ್ದರು. ಎರಡನೆಯ ಜೊತೆ ಹಾಕಿದ. ಅಪ್ಪ ಆಕಳಿಸಿದರು. ನಾನು ಅನ್ನಪೂರ್ಣಳ ಮುಖ ನೋಡಲಿಲ್ಲ. ಮೂರನೆಯ ಜೊತೆ ಶುರುವಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ತಬಲ ಸೇರಿಕೊಂಡಿತು. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ಮಡಚಿಟ್ಟಿದ್ದ ಕಾಲನ್ನು ಬಿಡಿಸಿ ಎರಡೂ ಪಾದಗಳನ್ನು ನೆಲಕ್ಕೆ ಊರಿದರು. ಆಮೇಲೆ ಬಲಗಾಲಿನ ಹೆಬ್ಬೆರಳು ಏಳತೊಡಗಿತು. ಎದ್ದು, ಬಿದ್ದು, ಎದ್ದು, ಬಿದ್ದು. ನಾನು ಲೆಕ್ಕ ಹಾಕುತ್ತ ನಿಂತೆ. ಒಂದು ಪೆಟ್ಟೂ ಹಿಂದೆ ಬೀಳಲಿಲ್ಲ.

"ಬರ್ತೈತಿ ಕಣಲೇ," ಎಂದರು ಅಪ್ಪ, ಇಡೀ ಮಾರತ್ತಹಳ್ಳಿಗೆ ಕೇಳುವ ಹಾಗೆ. "ಇದ್ರಾಗೆ ಬರ್ತೈತಿ!"

ಏನು ಬರುತ್ತದೆ, ಎಲ್ಲಿ ಬರುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಟೇಪು ತೆಗೆದು ಬೋಲ್ಟಿನ ಲೆಕ್ಕ ಹಾಕುವ ಅವಸರದಲ್ಲಿದ್ದೆ. ಅಲ್ಲೇ ಖರೀದಿಸಿದೆವು. ಬೆಲೆ ಹೇಳುವುದಿಲ್ಲ. ಅಪ್ಪನಿಗೂ ಹೇಳಿಲ್ಲ, ಗೋಡೆಯ ಕಡೆ ತಿರುಗಿ ಕೂಡ ಹೇಳಿಲ್ಲ.

ಬೋಲ್ಟಿಗೂ ಪಾದಕ್ಕೂ ಎರಡು ಬೆರಳು ವ್ಯತ್ಯಾಸ ಬರುತ್ತಿತ್ತು. ಇಂಜಿನಿಯರಿಗೆ ಇದು ಒಂದು ಸಮಸ್ಯೆಯೇ? ಪೀಣ್ಯದಲ್ಲಿ ದಪ್ಪ ಉಕ್ಕಿನ ಎರಡು ಹಲಗೆ ಕತ್ತರಿಸಿ, ತೂತು ಕೊರೆಸಿ, ನಡುವೆ ಕಂಪ್ರೆಸರಿನ ಕೆಳಗೆ ಹಾಕುವ ರಬ್ಬರಿನ ಬಟ್ಟಲುಗಳನ್ನು ಕೂರಿಸಿದೆ. ಸ್ಪೀಕರಿಗೆ ಬೋಲ್ಟು ಹಾಕಿದರೆ ವಾರಂಟಿ ಇರುವುದಿಲ್ಲ ಎಂದು ಕಿರಣ್ ಫೋನಿನಲ್ಲಿ ಹೇಳಿದ. ಆಗಲಿ ಎಂದೆ, ನನ್ನ ಕೆಲಸಕ್ಕೆ ನಾನೇ ವಾರಂಟಿ. ಸ್ಪೀಕರುಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬಂದವು. ನಾಲ್ಕು ಜನ ಇಳಿಸಿದರು. ಅನ್ನಪೂರ್ಣ ಎರಡಕ್ಕೂ ವಿಭೂತಿ ಎಳೆದು, ಹೂ ಏರಿಸಿ, ಕಾಯಿ ಒಡೆದಳು. ಅಪ್ಪ ಪೆಟ್ಟಿಗೆಯ ಹಲಗೆಗಳನ್ನು ಒಂದೊಂದಾಗಿ ಬಿಡಿಸಿ, ಮೊಳೆ ಕಿತ್ತು, ಹಿತ್ತಲಲ್ಲಿ ಜೋಡಿಸಿಟ್ಟರು. ಮರವನ್ನು ಎಸೆಯುವುದು ಅವರ ಜಾಯಮಾನದಲ್ಲಿಲ್ಲ.

ನಾನು ಬೋಲ್ಟು ಬಿಗಿದೆ. ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಟ್ಟನಡುವೆ. ಅಪ್ಪನನ್ನು ಅವರ ಮರದ ಕುರ್ಚಿಯಲ್ಲಿ ಎದುರಿಗೆ ಕೂರಿಸಿದೆ. ಅದೇ ಸಿ.ಡಿ. ಹಾಕಿ, ಅಪ್ಪನ ಸಲುವಾಗಿ ಸದ್ದನ್ನು ಸಾಕಷ್ಟು ಏರಿಸಿದೆ. ಆ ಉಸಿರು, ಆ ತಂಬೂರಿ, ಆ ತಬಲ, ಎಲ್ಲ ಅಂಗಡಿಗಿಂತ ಸ್ಪಷ್ಟ. ಎದುರು ಮನೆಯವರು ಮಹಡಿಗೆ ಬಂದರು. ನಾನು ಜೇಬಿನಿಂದ ಒಂದು ರೂಪಾಯಿ ತೆಗೆದು, ಬುನಾದಿಯ ಮೇಲೆ, ಸ್ಪೀಕರಿನ ಪಾದದ ಪಕ್ಕದಲ್ಲೇ, ಅಂಚಿನ ಮೇಲೆ ನಿಲ್ಲಿಸಿದೆ. ನಿಂತಿತು! ತಬಲ ಗುಡುಗುತ್ತಿದೆ, ನಾಣ್ಯ ತಪಸ್ಸಿಗೆ ಕೂತ ಋಷಿಯ ಹಾಗೆ ನಿಂತಿದೆ. ನನ್ನ ಜೀವನದ ಅತ್ಯುತ್ತಮ ಕೆಲಸ. ಎದ್ದು, ಬೆನ್ನು ನೆಟ್ಟಗೆ ಮಾಡಿ, ಅಪ್ಪನ ಕಡೆ ತಿರುಗಿದೆ.

ಅಪ್ಪ ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದರು. "ಯಾಕ್ಲೇ ರುದ್ರ," ಎಂದರು, "ಇನ್ನಾ ಶುರು ಮಾಡ್ಲಿಲ್ವಾ?"

ಆ ಗಳಿಗೆಯಲ್ಲಿ ನನ್ನ ಡಿಗ್ರಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಸದ್ದು ಇನ್ನಷ್ಟು ಏರಿಸಿದೆ. ಗಾಜಿನ ಬಾಗಿಲು ಅದುರಿತು. ಅಪ್ಪನ ಹೆಬ್ಬೆರಳು ಏಳಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಹಾಡು ನಡೆಯುತ್ತಿದೆ ಎಂದು ತಿಳಿದಿರಬೇಕು. ಎದ್ದು ಬಂದರು. ಮಗ್ಗ ಕೆಟ್ಟಾಗ ಹೇಗೆ ಹೋಗುತ್ತಿದ್ದರೋ ಹಾಗೆಯೇ, ಅವಸರವಿಲ್ಲದೆ. ಮೊದಲು ಅಂಗೈಯನ್ನು ಸ್ಪೀಕರಿನ ಮೈಗೆ ಇಟ್ಟರು. "ಇಲ್ಲಿ ಐತಿ," ಎಂದರು. ಬಗ್ಗಿ ಉಕ್ಕಿನ ಹಲಗೆಗೆ ಇಟ್ಟರು. "ಇಲ್ಲೂ ಒಂದೀಟು ಐತಿ." ಆಮೇಲೆ ಬುನಾದಿಗೆ ಇಟ್ಟರು. ಬಹಳ ಹೊತ್ತು ಇಟ್ಟರು. ನೆಲಕ್ಕೆ ಇಟ್ಟರು.

"ಇಲ್ಲಿಲ್ಲ," ಎಂದು ತಲೆ ಎತ್ತಿದರು. "ನಡುವೆ ಎಲ್ಲಿ ಕಳದ್ಯಲೇ?"

ಆಗ ನಾನು ಕೇಳಿದೆ, ಅಂಗಡಿಯಲ್ಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು. "ಅಪ್ಪ, ಅವತ್ತು ನಿನಗೆ ಎಲ್ಲಿ ಬಂತು?"

"ಕಾಲಿಗೆ," ಎಂದರು, ಇದನ್ನೂ ಕೇಳಬೇಕೇ ಎಂಬಂತೆ. "ಮಿಲ್ನಾಗೆ ಚಪ್ಪಲಿ ಬಿಟ್ಟು ನಿಲ್ತಿದ್ವಿ ಗೊತ್ತಿಲ್ಲೇನು? ಯಾವ ಮಗ್ಗದ್ದು ಏನ್ ಸಡ್ಲಾಗೈತಿ ಅಂತ ಕಾಲೇ ಹೇಳ್ತಿತ್ತು. ಕಿವಿ ಯಾರಿಗ್ ಬೇಕಿತ್ತು ಅಲ್ಲಿ? ಆ ಅಂಗಡ್ಯಾಗೆ ಮರದ್ ನೆಲ. ಹಾಡು ಅಂಗೇ ಹಿಮ್ಮಡಿಯಿಂದ ಎದಿಗೆ ಬಂತು."

ಇಪ್ಪತ್ತು ವರ್ಷ ನಾನು ಅನ್ನ ತಿಂದದ್ದು ನಡುಕವನ್ನು ನಿಲ್ಲಿಸಿ. ಅಪ್ಪನಿಗೆ ಈ ಲೋಕದಲ್ಲಿ ಉಳಿದಿರುವ ಹಾಡು ಎಂದರೆ ಆ ನಡುಕ ಒಂದೇ. ಅದನ್ನು ಒಂದು ಚೂರೂ ಬಿಡದಂತೆ, ಉಕ್ಕು, ರಬ್ಬರು, ಕಾಂಕ್ರೀಟು, ಮರಳು, ಹೀಗೆ ನಾಲ್ಕು ಕಾವಲು ಇಟ್ಟು ತಡೆದಿದ್ದೆ. ಹಿಂದೆ ಅನ್ನಪೂರ್ಣ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಬುನಾದಿಯ ಮೇಲೆ ನಾಣ್ಯ ಇನ್ನೂ ನಿಂತೇ ಇತ್ತು. ಅಷ್ಟು ನಾಚಿಕೆಗೆಟ್ಟ ನಾಣ್ಯವನ್ನು ನಾನು ನೋಡಿಲ್ಲ.

"ಬಿಚ್ಚು," ಎಂದರು ಅಪ್ಪ.

ಆ ಸಂಜೆಯೇ ಕೆಲಸ ಶುರುವಾಯಿತು. ಅಪ್ಪ ಹಿತ್ತಲಿನಿಂದ ಪೆಟ್ಟಿಗೆಯ ಹಲಗೆಗಳನ್ನು ತಂದು ಎದುರು ಗೋಡೆಯ ಉದ್ದಕ್ಕೂ ಹಾಸಿ ಒಂದು ಅಟ್ಟಣೆ ಕಟ್ಟಿದರು, ಮೊಣಕಾಲಿಗಿಂತ ತಗ್ಗಿನದು. ಸುತ್ತಿಗೆ ಅಪ್ಪನ ಕೈಯಲ್ಲಿ. ಮೊಳೆ ಎತ್ತಿಕೊಡುವ ಕೆಲಸ ನನ್ನದು. ನಾನು ಬುದ್ಧಿವಂತಿಕೆಯಿಂದ, ಇಲ್ಲೊಂದು ಅಡ್ಡಪಟ್ಟಿ ಕೊಟ್ಟರೆ ಗಟ್ಟಿಯಾಗುತ್ತದೆ ಎಂದು ಸೂಚಿಸಿದೆ. "ಗಟ್ಟಿ ಮಾಡಿದ್ದು ಸಾಕು ಬಿಡು. ಅದಕ್ಕೂ ಒಂದೀಟು ಉಸ್ರಾಡಾಕ್ ಜಾಗ ಬೇಕು," ಎಂದರು. ಸ್ಪೀಕರುಗಳನ್ನು ಅಟ್ಟಣೆಯ ಆ ತುದಿಗೊಂದು ಈ ತುದಿಗೊಂದು ಎತ್ತಿಟ್ಟೆವು. ನಡುವೆ ಅಪ್ಪ ತಮ್ಮ ಕುರ್ಚಿ ಹಾಕಿಕೊಂಡು, ಚಪ್ಪಲಿಯಿಲ್ಲದ ಕಾಲೂರಿ ಕೂತರು. ಅಂಗಡಿಯಲ್ಲಿ ನಾನು ಕೈಯಾಡಿಸಿ ನೋಡಿದ್ದೆನಲ್ಲ, ಆ ಗಾಯಕರು ಕೂರುವ ಖಾಲಿ ಜಾಗ, ಸರಿಯಾಗಿ ಅಲ್ಲೇ.

ಹಾಡು ಹಾಕಿದೆ. ತಬಲ ಸೇರಿಕೊಂಡಿತು. ಅದರ ಮೊದಲ ಏಟಿಗೆ ಅಪ್ಪನ ಹೆಬ್ಬೆರಳು ಎದ್ದಿತು. ಎರಡನೆಯದಕ್ಕೆ ಹಿಮ್ಮಡಿ. ಸ್ವಲ್ಪ ಹೊತ್ತಿಗೆ ಎರಡು ಖಾಲಿ ಅಂಗೈಗಳು ಒಂದರ ಮೇಲೊಂದು ಬಂದವು; ಕೈಯಲ್ಲಿ ತಾಳ ಇರಲಿಲ್ಲ, ಆದರೆ ಹಿಡಿದುಕೊಂಡ ರೀತಿ ಅದೇ, ಸೋಮವಾರದ್ದು. ಹಾಡು ನಿಲ್ಲುವ ಕಡೆ ಕೈಯೂ ನಿಂತಿತು. ಏಳುವ ಕಡೆ ಕೈಯೂ ಎದ್ದಿತು. ನನ್ನ ಒಂದು ರೂಪಾಯಿಯನ್ನು ಯಾವಾಗ ಅಟ್ಟಣೆಯ ಮೇಲೆ ಇಟ್ಟಿದ್ದೆನೋ, ಅದು ಕುಣಿದು ಕುಣಿದು ಬಿದ್ದು ಉರುಳಿಕೊಂಡು ಸೋಫಾದ ಅಡಿಗೆ ಹೋಯಿತು. ಮೂರನೆಯ ಸಲ. ಅನ್ನಪೂರ್ಣ ಅಪ್ಪನಿಗೆ ಬೆನ್ನು ಹಾಕಿ ನಿಂತಳು. ಏನಾದರೂ ಗೊಣಗುತ್ತಾಳೆ ಎಂದು ಕಾದೆ. ಸೆರಗು ಮಾತ್ರ ಮುಖಕ್ಕೆ ಹೋಯಿತು.

ಒಳಾಂಗಣದ ಹುಡುಗಿ ಫೋಟೋ ತೆಗೆಯಲು ಬಂದವಳು, ಕೊಡೆ ಮತ್ತು ಗಾಜಿನ ಲೋಟದ ಗುರುತುಗಳಿದ್ದ ಆ ಪೆಟ್ಟಿಗೆ ಹಲಗೆಗಳನ್ನು ನೋಡಿ, ಕ್ಯಾಮೆರಾವನ್ನು ಚೀಲದೊಳಗಿಟ್ಟುಕೊಂಡು ಕಾಫಿ ಕುಡಿದು ಹೋದಳು. ಕಿರಣ್ ಕೂಡ ಒಮ್ಮೆ ಬಂದಿದ್ದ. ಬಹಳ ಹೊತ್ತು ಕೇಳಿ, ತಾಂತ್ರಿಕವಾಗಿ ಎಲ್ಲವೂ ತಪ್ಪು ಎಂದ. ಆಮೇಲೆ ಸಾಕ್ಸ್ ಬಿಚ್ಚಿ ಅಟ್ಟಣೆಯ ಅಂಚಿನಲ್ಲಿ ಅಪ್ಪನ ಪಕ್ಕ ಕೂತ. ಸಂಜೆ ನಾವೆಲ್ಲ ಸೋಫಾದಲ್ಲಿ ಕೂರುತ್ತೇವೆ. ಎದುರಿಗೆ ಎರಡು ಕಪ್ಪು ದ್ವಾರಪಾಲಕರ ನಡುವೆ ಅಪ್ಪ. ಸೋಫಾದ ಎರಡು ಪಕ್ಕದಲ್ಲಿ ನನ್ನ ಎರಡು ಬುನಾದಿಗಳು. ಅವನ್ನು ಒಡೆಸಲು ಯಂಕಪ್ಪನನ್ನು ಕರೆಸಿದ್ದೆ. ಅರ್ಧ ದಿನ ಬಡಿದು ಬೆವರೊರೆಸಿಕೊಂಡು, "ಭಾಳ ಗಟ್ಟಿ ಮಾಡಿಸೀರಿ ಸಾರ, ಮನಿ ಬಿದ್ದರೂ ಇವು ಬೀಳಂಗಿಲ್ಲ," ಎಂದು ಹೋದ. ಒಂದರ ಮೇಲೆ ಅನ್ನಪೂರ್ಣ ಮನಿಪ್ಲಾಂಟ್ ಇಟ್ಟಿದ್ದಾಳೆ. ಇನ್ನೊಂದರ ಬೋಲ್ಟುಗಳಿಗೆ ಕೊಡೆಗಳನ್ನು ನೇತುಹಾಕುತ್ತೇವೆ.

ಬಂದವರು ಯಾರಾದರೂ ಅದನ್ನು ನೋಡಿ, "ಏನ್ರೀ ಇದು?" ಎಂದು ಬಾಯಿ ತೆರೆದರೆ ಸಾಕು, ಅಷ್ಟು ದೂರದಿಂದಲೇ ತುಟಿ ಓದಿ ಅಪ್ಪ ಕೂಗುತ್ತಾರೆ: "ಅದಾ? ನಮ್ಮ ಹುಡ್ಗ ಇಂಜಿನಿಯರ್ರು ಕಣ್ರೀ! ಅವನೇ ನಕ್ಷೆ ಬರ್ದು ಕಟ್ಸಿದ್ದು. ಒಂದ್ ನೂಲೂ ಅಲುಗಲ್ಲ, ಬೇಕಿದ್ರೆ ಒದ್ದು ನೋಡ್ರಿ!" ಬಂದವರು ಗೌರವದಿಂದ ನನ್ನ ಕಡೆ ನೋಡುತ್ತಾರೆ. ನಾನು ಅಪ್ಪನಿಗೆ ಬೆನ್ನು ಹಾಕಿ ನಿಂತು, ಅವರಿಗೆ ಬೇಸರವಾಗದಂತೆ, "ಏನಿಲ್ಲ ಸಾರ್, ನಾನು ಮಾಡಿದ ಒಂದು ದಡ್ಡ ಕೆಲಸ," ಎಂದು ನಿಜ ಹೇಳಿಬಿಡುತ್ತೇನೆ. ಒಂದು ವರ್ಷದಿಂದ ಹೀಗೆಯೇ ನಡೆದಿದೆ. ಹೋದ ವಾರ ಸುಮ್ಮನೆ ಅಪ್ಪನ ಕುರ್ಚಿಯಲ್ಲಿ ಕೂತು ನೋಡಿದೆ. ಎಡಗಡೆಯ ಸ್ಪೀಕರಿನ ಕನ್ನಡಿಯಂಥ ಕಪ್ಪು ಮೈಯಲ್ಲಿ ಎದುರಿನ ಬುನಾದಿ, ಸೋಫಾ, ಅಲ್ಲಿ ನನ್ನ ಕಡೆಯಿಂದ ಮುಖ ತಿರುಗಿಸಿ ನಿಂತು ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದ ಅನ್ನಪೂರ್ಣಳ ತುಟಿ, ಎಲ್ಲವೂ ಸ್ವಚ್ಛವಾಗಿ ಕಾಣುತ್ತಿದ್ದವು. ನಾನು ತಲೆ ಎತ್ತಿದೆ. ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ನಗುತ್ತಿದ್ದರು.

"ಚಲೋ ಕಾಣ್ತೈತಿ ಅಲ್ಲೇನ್ಲೇ," ಎಂದರು, "ಇಂಜಿನಿಯರ್ ಸಾಹೇಬ್ರೆ?"